ಒಂದು ತಂತಿ, ಎರಡು ಯಂತ್ರ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲವು ವೇಣುಗೋಪಾಲಸ್ವಾಮಿಯ ದೇವಾಲಯದಿಂದ ಹೆಸರಾದ ಗ್ರಾಮ. ಅಲ್ಲಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮೇಜಿನ ಮೇಲಿನ ಗಣಕಯಂತ್ರಕ್ಕೆ ತಂತಿಯ ಮೂಲಕ ಅಂತರಜಾಲವು ಬಂದು ಸೇರಿದೆ. ಅಣ್ಣನು ಅದರ ಮುಂದೆ ಕುಳಿತು ಅರ್ಜಿ ತುಂಬುತ್ತಿದ್ದಾನೆ. ತಂಗಿಯು ಅದೇ ವೇಳೆಯಲ್ಲಿ ಭೌತಶಾಸ್ತ್ರದ ಪಾಠವೊಂದನ್ನು ನೋಡಬೇಕಾಗಿದೆ. ಕೈಯಲ್ಲಿ ಮೊಬೈಲ್ ಫೋನೇನೋ ಇದೆ. ಅದರ ಡೇಟಾ ಮುಗಿದುಹೋಗಿದೆ. ಇನ್ನೊಂದು ಸಂಪರ್ಕಕ್ಕೆ ಹಣ ತೆರದೆ ಇಬ್ಬರ ಕೆಲಸವೂ ಸಾಗಬಲ್ಲುದೆ? ಸಾಗಬಲ್ಲುದು. ಅದು ಹೇಗೆಂಬುದನ್ನು ವಿಚಾರಮಾಡೋಣ.

ತಂತಿಯಿಲ್ಲದೆ ಸಂದೇಶ ಕಳುಹುವ ವಿದ್ಯೆಯು ಮೈಸೂರು ಸೀಮೆಗೆ ಹೊಸದಲ್ಲ. 1935ರಲ್ಲಿಯೇ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು, ಅದೇ ‘ಆಕಾಶವಾಣಿ’. ಬಾನುಲಿಯ ಅಲೆ, ವೈಫೈ ಅಲೆ ಎರಡೂ ಒಂದೇ ಕುಲಕ್ಕೆ ಸೇರಿದ ವಿದ್ಯುತ್ಕಾಂತ ತರಂಗಗಳು. ಮಧ್ಯಮ ತರಂಗದ ಬಾನುಲಿಯ ಅಲೆಯು ನೂರಾರು ಮೀಟರು ಉದ್ದವಿರುತ್ತದೆ. 2.4 ಗಿಗಾಹರ್ಟ್ಸ್ ವೈಫೈ ಅಲೆಯಾದರೋ ಸುಮಾರು 12.5 ಸೆಂಟಿಮೀಟರು, ಎಂದರೆ ಒಂದು ಗೇಣಿಗಿಂತಲೂ ಕಡಿಮೆ. ಅದು ಸೆಕೆಂಡಿಗೆ 240 ಕೋಟಿ ಸಲ ಕಂಪಿಸುತ್ತದೆ. ಇನ್ನೊಂದು ಭೇದವೂ ಉಂಟು. ಬಾನುಲಿ ಕೇಂದ್ರವು ನುಡಿಯುತ್ತದೆ, ಕೇಳುವುದಿಲ್ಲ. ವೈಫೈಯಲ್ಲಿ ಎರಡು ಕಡೆಯ ಯಂತ್ರಗಳೂ ನುಡಿಯುತ್ತವೆ, ಎರಡೂ ಕೇಳುತ್ತವೆ.

ತಂತಿಯಲ್ಲಿ ಬಂದುದನ್ನು ಅಲೆಯಾಗಿಸಿ ಹೊರಬಿಡುವುದರಿಂದ ಮಾತ್ರವೇ ಕೆಲಸ ಮುಗಿಯದು. ಅಂತರಜಾಲದಲ್ಲಿ ವ್ಯವಹರಿಸುವ ಪ್ರತಿಯೊಂದು ಯಂತ್ರಕ್ಕೂ ವಿಳಾಸದ ಸಂಖ್ಯೆಯೊಂದು ಬೇಕು. ಹಳೆಯ ಕ್ರಮದಲ್ಲಿ ಇಂತಹ ಸಂಖ್ಯೆಗಳಿರುವುದು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಎಲ್ಲ ಯಂತ್ರಗಳಿಗೂ ಇವು ಸಾಲವು. ಹಾಗಾದರೆ ತಂಗಿಯ ಫೋನಿಗೆ ವಿಳಾಸ ಎಲ್ಲಿಂದ ಬರಬೇಕು? ಗಣಕಯಂತ್ರವೇ ಅದಕ್ಕೆ ಮನೆಯೊಳಗೆ ಮಾತ್ರ ಸಲ್ಲುವ ಸಂಖ್ಯೆಯೊಂದನ್ನು ಕೊಡುತ್ತದೆ. ಫೋನಿನ ಬೇಡಿಕೆಯು ಹೊರಗೆ ಹೊರಡುವಾಗ ಆ ಸಂಖ್ಯೆಯನ್ನು ಅಳಿಸಿ, ತನ್ನ ಸಂಖ್ಯೆಯನ್ನು ಬರೆದು, ಒಂದು ಗುರುತನ್ನೂ ಸೇರಿಸಿ, ತನ್ನ ಪಟ್ಟಿಯಲ್ಲಿ ದಾಖಲಿಸಿಕೊಳ್ಳುತ್ತದೆ. ಉತ್ತರ ಬಂದೊಡನೆ ಗುರುತನ್ನು ನೋಡಿ ಫೋನಿಗೆ ತಲಪಿಸುತ್ತದೆ. ವಿದ್ಯಾರ್ಥಿನಿಲಯಕ್ಕೆ ಬಂದ ಕಾಗದಗಳ ಮೇಲೆ ಒಂದೇ ವಿಳಾಸವಿದ್ದರೂ ಮೇಲ್ವಿಚಾರಕರು ಹೆಸರು ನೋಡಿ ಆಯಾ ಕೊಠಡಿಗೆ ಕಳುಹುವುದಿಲ್ಲವೆ? ಇದೂ ಹಾಗೆಯೇ.

ಈ ಏರ್ಪಾಡು 2016ರಿಂದ ವಿಂಡೋಸ್ 10ರಲ್ಲಿ ‘ಮೊಬೈಲ್ ಹಾಟ್‌ಸ್ಪಾಟ್’ ಎಂಬ ಹೆಸರಿನಲ್ಲಿ ದೊರೆಯಿತು. ವಿಂಡೋಸ್ 11ರಲ್ಲಿಯೂ ಇದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಇದನ್ನು ಆರಿಸಿಕೊಂಡರೆ 8 ಯಂತ್ರಗಳವರೆಗೆ ಸಂಪರ್ಕ ಹಂಚಬಹುದು. ಮೇಜಿನ ಗಣಕಯಂತ್ರಗಳಲ್ಲಿ ಅನೇಕಕ್ಕೆ ವೈಫೈ ಅಂಗವೇ ಇರುವುದಿಲ್ಲ. ಅಂತಹವಕ್ಕೆ ಯು.ಎಸ್.ಬಿ. ಕಿಂಡಿಯಲ್ಲಿ ಚಿಕ್ಕ ವೈಫೈ ಅಡಾಪ್ಟರೊಂದನ್ನು ಸಿಕ್ಕಿಸಬೇಕು. ಆದರೆ ಹಂಚಿದ ಮಾತ್ರಕ್ಕೆ ವೇಗವು ಹೆಚ್ಚುವುದಿಲ್ಲ. ಒಂದೇ ಕಾಲುವೆಯ ನೀರು ಎರಡು ಗದ್ದೆಗಳಿಗೆ ಹರಿದಂತೆ, ಅಣ್ಣನು ದೊಡ್ಡ ಚಲನಚಿತ್ರವೊಂದನ್ನು ಇಳಿಸಿಕೊಳ್ಳತೊಡಗಿದರೆ ತಂಗಿಯ ಪಾಠವು ನಿಂತು ನಿಂತು ಸಾಗುತ್ತದೆ. ಗಣಕಯಂತ್ರವನ್ನು ಆರಿಸಿದರೆ ಫೋನಿನ ಸಂಪರ್ಕವೂ ಕಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಗೋಡೆಯು ಅಲೆಯನ್ನು ಕುಗ್ಗಿಸುತ್ತದೆಯೇ ಹೊರತು ಪೂರ್ತಿಯಾಗಿ ತಡೆಯುವುದಿಲ್ಲ. ಅದು ಬೀದಿಗೂ ನೆರೆಮನೆಗೂ ಮುಟ್ಟೀತು. ಆದುದರಿಂದ ಹಾಟ್‌ಸ್ಪಾಟಿಗೆ ಗುಪ್ತಪದವೊಂದನ್ನು ಇಡಬೇಕು. 2004ರಲ್ಲಿ ಬಂದ ಡಬ್ಲ್ಯು.ಪಿ.ಎ. 2 ಎಂಬ ರಕ್ಷಣಾಕ್ರಮದಲ್ಲಿ ಇದಕ್ಕೆ ಕನಿಷ್ಠ 8 ಅಕ್ಷರಗಳಿರಬೇಕು. ಗುಪ್ತಪದವನ್ನು ಅರಿಯದವನಿಗೆ ಅಲೆಯು ಸಿಕ್ಕಿದರೂ ಅದರಲ್ಲಿನ ಒಕ್ಕಣೆ ತಿಳಿಯದು. ಹುಟ್ಟಿದ ದಿನ, ಫೋನಿನ ಸಂಖ್ಯೆ ಮುಂತಾದ ಸುಲಭವಾಗಿ ಊಹಿಸಬಹುದಾದ ಪದಗಳು ಇದಕ್ಕೆ ತಕ್ಕವಲ್ಲ.

ಇಷ್ಟು ಜಾಗರೂಕತೆ ಏಕೆಂದು ನೀವು ಕೇಳಬಹುದು. ಹೊರಗಿನವರಿಗೆ ಕಾಣುವುದು ಮನೆಯ ಒಂದೇ ವಿಳಾಸವೆಂಬುದನ್ನು ನೆನೆಯಿರಿ. ನಿಮ್ಮ ಸಂಪರ್ಕವನ್ನು ಬಳಸಿ ಅನ್ಯನೊಬ್ಬನು ವಂಚನೆ ಮಾಡಿದರೆ, ವಿಚಾರಣೆಯು ಮೊದಲು ನಿಮ್ಮ ಬಾಗಿಲಿಗೇ ಬರುವುದು. ತಂಗಿಗೂ ಗೆಳೆಯನಿಗೂ ಸಂಪರ್ಕವನ್ನು ಧಾರಾಳವಾಗಿ ಕೊಡಿ. ಗುಪ್ತಪದವನ್ನು ಮಾತ್ರ ಮನೆಯ ಬೀಗದ ಕೈಯಂತೆ ಕಾಪಾಡಿಕೊಳ್ಳಿ.