ಮಂಜು ಕವಿದ ಮೋಟಾರುದೀಪ

ಹತ್ತು ಹನ್ನೆರಡು ವರ್ಷ ಬಿಸಿಲಿನಲ್ಲಿ ನಿಂತ ಮೋಟಾರುಗಾಡಿಯ ಮುಂಭಾಗವನ್ನು ವಾಚಕರು ಒಮ್ಮೆ ಪರೀಕ್ಷಿಸಿ ನೋಡಬೇಕು. ಹೊಸದರಲ್ಲಿ ಸ್ಫಟಿಕದಂತಿದ್ದ ಹೆಡ್‌ಲೈಟಿನ ಮುಖವು ಹಳದಿಗಟ್ಟಿ, ಪೊರೆ ಬಂದ ಕಣ್ಣಿನಂತೆ ಕಾಣುತ್ತದೆ. ಇದು ಬರಿಯ ಅಂದಗೇಡಲ್ಲ. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇಂಥ ದೀಪಗಳು ಹೊಸ ದೀಪದ ಬೆಳಕಿನ ಸುಮಾರು ಐದರಲ್ಲೊಂದು ಪಾಲನ್ನು ಮಾತ್ರ ಕೊಟ್ಟುವು. ಉಳಿದ ಬೆಳಕೆಲ್ಲ ನಾಶವಾಯಿತೆಂದು ತಿಳಿಯಬಾರದು. ಅದರ ಒಂದಂಶ ದಾರಿತಪ್ಪಿ ಎದುರಿನಿಂದ ಬರುವವನ ಕಣ್ಣಿಗೆ ಹೊಡೆಯುತ್ತದೆ. ನಮಗೆ ರಸ್ತೆಯ ಹಳ್ಳ ಕಾಣದು, ಅವನಿಗೆ ರಸ್ತೆಯೇ ಕಾಣದು.

ಈ ಮುಖವನ್ನು ರೂಢಿಯಿಂದ ಗಾಜೆನ್ನುತ್ತೇವೆ. ಹಿಂದೆ ಅದು ಗಾಜೇ ಆಗಿತ್ತು. ಅಮೆರಿಕದಲ್ಲಿ 1983ರಲ್ಲಿ ನಿಯಮ ಸಡಿಲವಾದ ಮೇಲೆ ಅಲ್ಲಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು ಅದರ ಸ್ಥಾನವನ್ನಾಕ್ರಮಿಸಿತು. 1953ರಲ್ಲಿ ಜರ್ಮನಿಯ ಹರ್ಮನ್ ಷ್ನೆಲ್ ಮತ್ತು ಅಮೆರಿಕದ ಡೇನಿಯಲ್ ಫಾಕ್ಸ್, ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯದೆ ಇದನ್ನು ಪಡೆದರು. ತೂಕ ಗಾಜಿನ ಅರ್ಧದಷ್ಟು. ಕಲ್ಲು ಬಡಿದರೂ ಸುಲಭವಾಗಿ ಒಡೆಯದು. ಆದರೆ ಬೇಗ ಗೀರು ಬೀಳುತ್ತದೆ, ಸೂರ್ಯನ ಅತಿನೇರಳೆ ಕಿರಣಗಳನ್ನು ತಾಳಲಾರದು. ಆದ್ದರಿಂದಲೇ ಕಾರ್ಖಾನೆಯಲ್ಲಿ ಅದರ ಮೇಲೆ, ಕೂದಲೆಳೆಗಿಂತಲೂ ಎಷ್ಟೋ ತೆಳುವಾದ ಒಂದು ಗಟ್ಟಿ ಲೇಪವನ್ನು ಹಚ್ಚಿರುತ್ತಾರೆ. ಅತಿನೇರಳೆಯನ್ನು ಹೀರಿಕೊಳ್ಳುವ ಪದಾರ್ಥವೂ ಆ ಲೇಪದಲ್ಲಿರುತ್ತದೆ.

ವರ್ಷಗಳುರುಳಿದಂತೆ ಈ ಕವಚ ಸವೆದು ಬಿರುಕುಬಿಡುತ್ತದೆ. ಅನಂತರ ಎರಡು ಬೇರೆ ಬೇರೆ ವ್ಯಾಧಿಗಳು ತಲೆದೋರುತ್ತವೆ. ಅತಿನೇರಳೆ ಕಿರಣಗಳು ಅಣುಸರಪಣಿಗಳನ್ನು ಕಡಿದು ಮರುಜೋಡಿಸಿದಾಗ ಉಂಟಾಗುವ ಹೊಸ ರಚನೆಗಳು ನೇರಳೆ, ನೀಲಿ ಬೆಳಕನ್ನು ನುಂಗುತ್ತವೆ. ಉಳಿದದ್ದು ನಮಗೆ ಹಳದಿಯಾಗಿ ತೋರುತ್ತದೆ. ಮಬ್ಬಿಗೆ ಕಾರಣ ಬೇರೆ: ಮೇಲ್ಮೈಯ ಅಸಂಖ್ಯ ಬಿರುಕು, ಗೀರುಗಳಲ್ಲಿ ಬೆಳಕು ಚೆದರುತ್ತದೆ.

ಚೆದರಿಕೆ ಎಲ್ಲಿದೆಯೆಂದು ತಿಳಿಯಲು ಒಂದು ಚೊಂಬು ನೀರು ಸಾಕು. ದೀಪದ ಮುಖವನ್ನು ತೋಯಿಸಿ ನೋಡಿರಿ. ಮಬ್ಬು ಬಹುಮಟ್ಟಿಗೆ ಮಾಯವಾದರೆ ದೋಷ ಹೊರಮೈಯಲ್ಲಿದೆ. ಪಾಲಿಕಾರ್ಬೊನೇಟಿನ ವಕ್ರೀಭವನಾಂಕ ಸುಮಾರು 1.58, ಗಾಳಿಯದು 1. ಗೀರಿನೊಳಗೆ ಗಾಳಿಯ ಬದಲು 1.33 ಅಂಕದ ನೀರು ತುಂಬಿದೊಡನೆ ಅಂತರ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಬೆಳಕು ನೇರವಾಗಿ ಹಾಯುತ್ತದೆ. ನೀರು ಆರಿದರೆ ಮಬ್ಬು ಹಿಂತಿರುಗುತ್ತದೆ. ಆರದೆ ಉಳಿಯುವ, ಸುಮಾರು 1.5 ಅಂಕದ ಪಾರದರ್ಶಕ ಲೇಪವೊಂದನ್ನು ಹಚ್ಚಿದರೆ? ದುರಸ್ತಿಯ ಗುಟ್ಟು ಇಲ್ಲಿದೆ.

ಮೊದಲು ಕೆಟ್ಟ ಪದರವನ್ನು ಕಿತ್ತುಹಾಕಬೇಕು. ಸುತ್ತಲಿನ ಬಣ್ಣ ಕೆಡದಂತೆ ಕಾಗದದ ಟೇಪು ಅಂಟಿಸಿ, ಬಣ್ಣಗಾರರು ವಾಟರ್ ಪೇಪರ್ ಎನ್ನುವ ಉಜ್ಜುಕಾಗದವನ್ನು ನೀರಿನಲ್ಲದ್ದಿ 800, 1500, 3000 ಎಂಬ ಸಂಖ್ಯೆಗಳ ಅನುಕ್ರಮದಲ್ಲಿ ಉಜ್ಜಬೇಕು. ಸಂಖ್ಯೆ ಹೆಚ್ಚಿದಷ್ಟೂ ಕಣ ನಯ. ಒಂದನ್ನು ಅಡ್ಡಲಾಗಿ, ಮುಂದಿನದನ್ನು ಉದ್ದವಾಗಿ ಆಡಿಸಿದರೆ ಹಿಂದಿನ ಗೀರು ಅಳಿಯಿತೋ ಇಲ್ಲವೋ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. 800ರ ಕೆಲಸ ಮುಗಿದಾಗ ದೀಪ ಮೊದಲಿಗಿಂತ ಬೆಳ್ಳಗೆ, ಕುರುಡಾಗಿ ಕಾಣುವುದು; ಎದೆಗುಂದಬೇಕಿಲ್ಲ, ಮತ್ತೆ ನೀರೆರಚಿ ನೋಡಬಹುದು. ತೋಯ್ದಾಗಲೂ ಹಳದಿ ಉಳಿದಿದ್ದರೆ ಉಜ್ಜುವುದು ಸಾಲದೆಂದರ್ಥ. ಕೊನೆಗೆ ಪಾಲಿಶಿನಿಂದ ತಿಕ್ಕಿದರೆ ಹೊಳಪು ಬರುತ್ತದೆ.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನಮ್ಮ ಗಾಡಿಯ ದೀಪಗಳಿಗೆ ಮೊದಲ ಬಾರಿ ನಾವು ಮಾಡಿದ ತಪ್ಪೂ ಅದೇ. ಉಜ್ಜಿದ ದಿನ ಹೊಸದರಂತೆ ಹೊಳೆದವು, ಬೇಸಿಗೆ ಕಳೆಯುವಷ್ಟರಲ್ಲಿ ಪುನಃ ಹಳದಿಯಾದವು. ನಾವು ಅಳಿದುಳಿದ ಕವಚವನ್ನೂ ಕೆರೆದು ತೆಗೆದು, ಬೆತ್ತಲೆ ಪ್ಲಾಸ್ಟಿಕ್ಕನ್ನು ಬಿಸಿಲಿಗೊಡ್ಡಿದ್ದೆವು! ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿರೆಂಬ ಸಲಹೆಯ ಗತಿಯೂ ಇಷ್ಟೇ. ಅದರ ಪುಡಿ ಮೈಯನ್ನು ತುಸು ಸವೆಸೀತು, ರಕ್ಷಣೆ ಕೊಡದು. ಎರಡನೆಯ ಬಾರಿ ಮೈಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಅತಿನೇರಳೆ ನಿರೋಧಕವುಳ್ಳ, ಹೆಡ್‌ಲೈಟಿಗೆಂದೇ ತಯಾರಾದ ಲೇಪವನ್ನು ನೆರಳಿನಲ್ಲಿ ತೆಳುವಾಗಿ ಹಚ್ಚಿದೆವು. ಸಿಕ್ಕ ವಾರ್ನಿಷನ್ನು ಹಚ್ಚುವುದಾಗಲಿ ಥಿನ್ನರಿನಿಂದ ಒರೆಸುವುದಾಗಲಿ ಸಲ್ಲದು. ಅಂಥ ದ್ರಾವಕಗಳು ಪಾಲಿಕಾರ್ಬೊನೇಟಿನಲ್ಲಿ ಹೊಸ ಬಿರುಕುಗಳನ್ನೆಬ್ಬಿಸುತ್ತವೆ.

ನೀರೆರಚಿದಾಗಲೂ ಮಬ್ಬು ಕದಲದಿದ್ದರೆ ದೋಷ ಒಳಮೈಯಲ್ಲೋ ಪ್ಲಾಸ್ಟಿಕ್ಕಿನ ಆಳದಲ್ಲೋ ಇದೆಯೆಂದು ತಿಳಿಯಬೇಕು. ಅಂಥ ದೀಪವನ್ನು ಹೊರಗಿನಿಂದ ಎಷ್ಟು ಉಜ್ಜಿದರೂ ವ್ಯರ್ಥ, ಬದಲಿಸುವುದೇ ಸರಿ.