ಹುಳು ಮನೆಯ ಶಾಖವನ್ನು ಅಂಕೆಯಲ್ಲಿಡುವುದು ಹೇಗೆ?



ಧನುರ್ಮಾಸದ ಚಳಿಯಲ್ಲಿ ಬೆಳಗಿನ ಜಾವ ಎದ್ದು ಹುಳು ಮನೆಗೆ ಹೋದವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಸಂಜೆ ಹಾಕಿದ ಸೊಪ್ಪು ಹಾಗೆಯೇ ಉಳಿದಿರುತ್ತದೆ, ಹುಳುಗಳು ತಲೆ ಆಡಿಸದೆ ಮಂಕಾಗಿ ಬಿದ್ದಿರುತ್ತವೆ. ಅದೇ ಮನೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ನಿಂತರೆ ನಮಗೇ ತಲೆ ಸುತ್ತುತ್ತದೆ. ಮನುಷ್ಯನಾದರೆ ಕಂಬಳಿ ಹೊದೆಯುತ್ತಾನೆ, ಇಲ್ಲವೇ ಮರದ ನೆರಳಿಗೆ ಹೋಗುತ್ತಾನೆ. ರೇಷ್ಮೆ ಹುಳುವಿಗೆ ಆ ಅನುಕೂಲವಿಲ್ಲ. ಅದು ಶೀತರಕ್ತದ ಜೀವಿ. ಮನೆಯ ಗಾಳಿ ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಆದ್ದರಿಂದ ಹುಳು ಮನೆಯ ಶಾಖ ಕೆಟ್ಟರೆ ಬೆಳೆ ಕೆಟ್ಟಂತೆಯೇ.

ಈಗ ಅನೇಕ ರೈತರು ವಿದ್ಯುತ್ ಹೀಟರ್, ತೇವ ಹರಡುವ ಯಂತ್ರ, ಫ್ಯಾನು ಎಲ್ಲವನ್ನೂ ತಂದಿಟ್ಟಿದ್ದಾರೆ. ಸಂತೋಷ. ಆದರೆ ಬಿಸಿ ಮಾಡುವ ಯಂತ್ರ ಎಷ್ಟು ಮುಖ್ಯವೋ ಅದನ್ನು ಅಂಕೆಯಲ್ಲಿಡುವ ಸಾಧನ ಅದಕ್ಕಿಂತ ಮುಖ್ಯ. ಈ ವಾರ ಆ ವಿಷಯವನ್ನೇ ತಿಳಿಯೋಣ.

ಎಷ್ಟು ಶಾಖ, ಎಷ್ಟು ತೇವ?

ಮೊದಲ ಹಂತದ ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಸೆಂಟಿಗ್ರೇಡ್ ಶಾಖ, ಶೇಕಡಾ 85ರಿಂದ 90 ತೇವಾಂಶ ಬೇಕು. ಎರಡನೇ ಹಂತಕ್ಕೆ 27 ಡಿಗ್ರಿ, ಶೇಕಡಾ 85. ಮೂರನೇ ಹಂತಕ್ಕೆ 26 ಡಿಗ್ರಿ, ಶೇಕಡಾ 80. ನಾಲ್ಕನೇ ಹಂತಕ್ಕೆ 25 ಡಿಗ್ರಿ, ಶೇಕಡಾ 70ರಿಂದ 75. ಐದನೇ ಹಂತಕ್ಕೆ 24 ಡಿಗ್ರಿ, ಶೇಕಡಾ 65ರಿಂದ 70 ಸಾಕು. ಅಂದರೆ ಹುಳು ಬೆಳೆದಂತೆಲ್ಲ ಶಾಖವನ್ನೂ ತೇವವನ್ನೂ ಇಳಿಸುತ್ತ ಬರಬೇಕು. ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು.

ಶಾಖ 20 ಡಿಗ್ರಿಗಿಂತ ಕೆಳಗಿಳಿದರೆ ಹುಳು ಸೊಪ್ಪು ತಿನ್ನುವುದು ಕುಗ್ಗಿ ಬೆಳೆಯ ದಿನಗಳು ಹೆಚ್ಚುತ್ತವೆ. 30 ಡಿಗ್ರಿ ದಾಟಿದರೆ ಹುಳುವಿನ ಆರೋಗ್ಯ ಕೆಡುತ್ತದೆ, ಹಾಲುತೊಂಡೆ, ಸಪ್ಪೆ ರೋಗಗಳಿಗೆ ದಾರಿಯಾಗುತ್ತದೆ. ಚಳಿಯ ಜೊತೆಗೆ ತೇವ ಸೇರಿದರೆ ಸುಣ್ಣಕಟ್ಟು ರೋಗದ ಭಯ. ಮಿಶ್ರತಳಿ ಹುಳು ಏರುಪೇರನ್ನು ಸ್ವಲ್ಪ ತಡೆದುಕೊಂಡೀತು; ದ್ವಿತಳಿ ಹುಳು ತಡೆದುಕೊಳ್ಳುವುದಿಲ್ಲ.

ಕೋಳಿ ಮೊಟ್ಟೆಯಿಂದ ಹುಟ್ಟಿದ ವಿದ್ಯೆ

ಶಾಖವನ್ನು ತಾನೇ ಅರಿತು, ತಾನೇ ಹೆಚ್ಚು ಕಡಿಮೆ ಮಾಡುವ ಸಾಧನಕ್ಕೆ ಥರ್ಮೋಸ್ಟಾಟ್ ಎನ್ನುತ್ತಾರೆ. ಇದು ಪಟ್ಟಣದ ದೊಡ್ಡ ಕಟ್ಟಡಗಳಿಗಾಗಿ ಹುಟ್ಟಿದ್ದು ಎಂದು ನೀವು ತಿಳಿದಿರಬಹುದು. ನಿಜವಾಗಿ ಇದರ ಮೂಲ ಕೋಳಿ ಸಾಕಣೆಯಲ್ಲಿದೆ. 1620ರ ಸುಮಾರಿಗೆ ಇಂಗ್ಲೆಂಡಿನಲ್ಲಿದ್ದ ಹಾಲೆಂಡಿನ ಕಾರ್ನೆಲಿಸ್ ಡ್ರೆಬೆಲ್ ಎಂಬಾತ ಕಾವು ಕೊಡುವ ಪೆಟ್ಟಿಗೆಯೊಂದನ್ನು ಮಾಡಿದ. ಶಾಖ ಹೆಚ್ಚಾದಾಗ ಕೊಳವೆಯೊಳಗಿನ ಮದ್ಯಸಾರ ಹಿಗ್ಗಿ ಪಾದರಸವನ್ನು ಮೇಲಕ್ಕೆ ತಳ್ಳುತ್ತಿತ್ತು. ಅದು ಒಂದು ಕಡ್ಡಿಯನ್ನು ಎತ್ತಿ ಒಲೆಯ ಗಾಳಿಕಂಡಿಯನ್ನು ಮುಚ್ಚುತ್ತಿತ್ತು. ಬೆಂಕಿ ತಾನಾಗಿ ತಗ್ಗುತ್ತಿತ್ತು.

1777ರಲ್ಲಿ ಫ್ರಾನ್ಸಿನ ಬೊನ್‌ಮ್ಯಾಂ ಎಂಬಾತ ಬಿಸಿನೀರನ್ನು ಕೊಳವೆಗಳಲ್ಲಿ ಹರಿಸಿ ಮರಿ ಮಾಡಿಸುವ ಮನೆಯನ್ನು ಬೆಚ್ಚಗಿಟ್ಟ. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವ ಗುಣವನ್ನು ಬಳಸಿ ಒಲೆಯ ಗಾಳಿಯನ್ನು ನಿಯಂತ್ರಿಸಿದ. ಥರ್ಮೋಸ್ಟಾಟ್ ಎಂಬ ಹೆಸರು ಬಂದದ್ದು 1830ರಲ್ಲಿ. ಬಟ್ಟೆ ಗಿರಣಿಗಳಲ್ಲಿ ಶಾಖ ಒಂದೇ ಸಮನಾಗಿರಲೆಂದು ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ ಎರಡು ಲೋಹದ ಪಟ್ಟಿಯ ಸಾಧನವನ್ನು ತಂದ. 1883ರಲ್ಲಿ ಅಮೆರಿಕದ ಉಪಾಧ್ಯಾಯ ವಾರನ್ ಜಾನ್ಸನ್ ಶಾಲಾ ಕೊಠಡಿಗಳಿಗಾಗಿ ವಿದ್ಯುತ್ ಥರ್ಮೋಸ್ಟಾಟಿಗೆ ಹಕ್ಕುಪತ್ರ ಪಡೆದ. ಇಂದು ಸ್ನಾನದ ಗೀಸರು, ಇಸ್ತ್ರಿ ಪೆಟ್ಟಿಗೆ, ಫ್ರಿಜ್ ಇವೆಲ್ಲದರೊಳಗೂ ಇರುವುದು ಇದೇ ವಿದ್ಯೆ.

ಕೆಲಸ ಮಾಡುವ ಬಗೆ ಸುಲಭ. ಹಿತ್ತಾಳೆ ಮತ್ತು ಉಕ್ಕಿನ ತೆಳು ಪಟ್ಟಿಗಳನ್ನು ಬೆಸೆದಿರುತ್ತಾರೆ. ಬಿಸಿಗೆ ಹಿತ್ತಾಳೆ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ, ವಿದ್ಯುತ್ ತಪ್ಪುತ್ತದೆ. ತಣಿದಾಗ ನೇರವಾಗಿ ಮತ್ತೆ ವಿದ್ಯುತ್ ಹರಿಯುತ್ತದೆ. ಈಚೆಗೆ ಬಂದಿರುವ ಅಂಕಿ ತೋರಿಸುವ ಪೆಟ್ಟಿಗೆಗಳಲ್ಲಿ ಪಟ್ಟಿಯ ಬದಲು ತಂತಿಯ ತುದಿಯಲ್ಲಿ ಕಡಲೆಕಾಳಿನಷ್ಟು ಚಿಕ್ಕ ಸೆನ್ಸರ್ ಇರುತ್ತದೆ.

ನನ್ನದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ರೈತರೊಬ್ಬರು ಚಳಿಗಾಲದ ದ್ವಿತಳಿ ಬೆಳೆಗೆ ಹೀಟರ್ ತಂದರು. ಥರ್ಮೋಸ್ಟಾಟನ್ನು ಎಲ್ಲಿ ಹಾಕಲಿ ಎಂದು ನನ್ನನ್ನು ಕೇಳಿದರು. ಸ್ವಿಚ್ ಬೋರ್ಡಿನ ಪಕ್ಕದಲ್ಲೇ ಹಾಕಿದರೆ ತಂತಿ ಉಳಿಯುತ್ತದೆ ಎಂದೆ. ಹೀಟರೂ ಅದೇ ಮೂಲೆಯಲ್ಲಿತ್ತು; ಎರಡಕ್ಕೂ ಮೂರಡಿ ಅಂತರ.

ಹತ್ತು ದಿನ ಬಿಟ್ಟು ಹೋದೆ. ಪೆಟ್ಟಿಗೆ 25 ಡಿಗ್ರಿ ತೋರಿಸುತ್ತಿತ್ತು. ಆಚೆ ಮೂಲೆಯಲ್ಲಿ ನನ್ನ ಉಷ್ಣಮಾಪಕ ಹಿಡಿದರೆ 21. ಹೀಟರ್ ತನ್ನ ಮೂಲೆಯನ್ನು ಬಿಸಿ ಮಾಡಿ, ತನ್ನ ಕೆಲಸ ಮುಗಿಯಿತೆಂದು ನಿಂತುಬಿಡುತ್ತಿತ್ತು. ಈ ಬದಿಯ ಹುಳು ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದರೆ ಆ ಬದಿಯ ಹುಳು ಇನ್ನೂ ಜ್ವರಕ್ಕೆ ಕೂರುತ್ತಿತ್ತು. ಕೊನೆಗೆ ಹಣ್ಣುಹುಳು ಒಟ್ಟಿಗೆ ಬಾರದೆ ಮೂರು ದಿನ ಚಂದ್ರಿಕೆಗೆ ಬಿಡಬೇಕಾಯಿತು. ಹಿಂದುಳಿದ ಹುಳುಗಳಲ್ಲಿ ಬಹಳಷ್ಟು ರೋಗಕ್ಕೆ ಹೋದವು.

"ಯಂತ್ರ ಇಟ್ಟೂ ಹಿಂಗಾಯ್ತಲ್ಲ ಸಾರ್" ಎಂದರು ಆ ರೈತರು. ಅವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಬೆಳೆಗೆ ಉದ್ದ ತಂತಿಯ ಸೆನ್ಸರನ್ನು ಮನೆಯ ನಡುವೆ, ಹುಳುವಿನ ತಟ್ಟೆಯ ಎತ್ತರಕ್ಕೆ ತೂಗುಬಿಟ್ಟೆವು. ಫ್ಯಾನನ್ನು ಸೊಪ್ಪಿಗೆ ನೇರ ಗಾಳಿ ತಾಗದಂತೆ ಗೋಡೆಯ ಕಡೆ ತಿರುಗಿಸಿ ನಿಧಾನವಾಗಿ ಓಡಿಸಿದೆವು. ನಾಲ್ಕು ಮೂಲೆಯಲ್ಲೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಹೊಸ ಯಂತ್ರ ಯಾವುದೂ ಬೇಕಾಗಲಿಲ್ಲ; ನಾಲ್ಕು ಮಾರು ತಂತಿ ಬೇಕಾಯಿತು, ಅಷ್ಟೆ.

ಒದ್ದೆ ಬುರುಡೆ ಹೇಳುವ ಗುಟ್ಟು

ಯಾವ ಯಂತ್ರ ಕೊಳ್ಳುವ ಮೊದಲೂ ಒಣ-ಒದ್ದೆ ಬುರುಡೆಯ ಉಷ್ಣಮಾಪಕವನ್ನು ಕೊಳ್ಳಿರಿ. ಇದರಲ್ಲಿ ಒಂದು ಬುರುಡೆ ಒಣಗಿರುತ್ತದೆ, ಇನ್ನೊಂದಕ್ಕೆ ನೀರಿನಲ್ಲಿ ನೆನೆದ ಬಟ್ಟೆ ಸುತ್ತಿರುತ್ತದೆ. ಇವೆರಡರ ವ್ಯತ್ಯಾಸ ನೋಡಿರಿ. ನಮ್ಮ ಹುಳು ಮನೆಯ ಶಾಖದಲ್ಲಿ ವ್ಯತ್ಯಾಸ 2 ಡಿಗ್ರಿ ಇದ್ದರೆ ತೇವಾಂಶ ಸುಮಾರು ಶೇಕಡಾ 85. 4 ಡಿಗ್ರಿ ಇದ್ದರೆ ಸುಮಾರು ಶೇಕಡಾ 70. ಚಾಕಿಗೆ ಎರಡು, ದೊಡ್ಡ ಹುಳುವಿಗೆ ನಾಲ್ಕು ಎಂದು ನೆನಪಿಟ್ಟರೆ ಸಾಕು.

ಬೇಸಿಗೆಯಲ್ಲಿ ಇದು ಇನ್ನೊಂದು ಉಪಕಾರ ಮಾಡುತ್ತದೆ. ಕಿಟಕಿಗೆ ಒದ್ದೆ ಗೋಣಿ ಕಟ್ಟಿ ತಂಪು ಮಾಡುವುದು ನಮ್ಮ ರೂಢಿ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುತ್ತದೆ. ಆದರೆ ಈ ತಂಪಿಗೆ ಒಂದು ಎಲ್ಲೆ ಇದೆ. ಒದ್ದೆ ಬುರುಡೆ ತೋರಿಸುವ ಅಂಕಿಗಿಂತ ಕೆಳಕ್ಕೆ ಗೋಣಿಯಾಗಲಿ, ಕೂಲರ್ ಆಗಲಿ ಶಾಖವನ್ನು ಇಳಿಸಲಾರದು. ಏಪ್ರಿಲ್ ಮಧ್ಯಾಹ್ನ ಒಣ ಬುರುಡೆ 36, ಒದ್ದೆ ಬುರುಡೆ 22 ಇದ್ದರೆ ಗೋಣಿಯಿಂದ ಒಳ್ಳೆಯ ಫಲ ಸಿಗುತ್ತದೆ. ಮಳೆಗಾಲದಲ್ಲಿ ಒಣ ಬುರುಡೆ 27, ಒದ್ದೆ ಬುರುಡೆ 25 ಇದ್ದಾಗ ಗೋಣಿ ಕಟ್ಟಿದರೆ ತಂಪು ಬರುವುದಿಲ್ಲ, ತೇವ ಮಾತ್ರ ಹೆಚ್ಚಿ ಸುಣ್ಣಕಟ್ಟಿಗೆ ಆಹ್ವಾನ ಕೊಟ್ಟಂತಾಗುತ್ತದೆ. ಆಗ ಬೇಕಾದದ್ದು ಗಾಳಿ, ನೀರಲ್ಲ.

ಚಳಿಗಾಲದ್ದು ಇದಕ್ಕೆ ತಿರುಗುಮುರುಗು. 20 ಡಿಗ್ರಿಯಲ್ಲಿ ಶೇಕಡಾ 80 ತೇವವಿದ್ದ ಗಾಳಿಯನ್ನು ಬರಿಯ ಹೀಟರಿನಿಂದ 26 ಡಿಗ್ರಿಗೆ ಏರಿಸಿದರೆ ತೇವಾಂಶ ಸುಮಾರು ಶೇಕಡಾ 55ಕ್ಕೆ ಇಳಿಯುತ್ತದೆ. ಸೊಪ್ಪು ಬಾಡುತ್ತದೆ, ಚಾಕಿ ಹುಳು ಹಸಿಯುತ್ತದೆ. ಹೀಟರಿನ ಜೊತೆಗೆ ತೇವದ ಏರ್ಪಾಡೂ ಇರಲೇಬೇಕು.

ಇದ್ದಿಲ ಅಗ್ಗಿಷ್ಟಿಕೆ ಬೇಡ

ವಿದ್ಯುತ್ ಹೋದಾಗ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಭದ್ರಪಡಿಸುವವರಿದ್ದಾರೆ. ಇದು ಹುಳುವಿಗೂ ಕೆಡುಕು, ಮನುಷ್ಯನ ಪ್ರಾಣಕ್ಕೂ ಅಪಾಯ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದೆ ಹೋಗಬಹುದು. ಹುಳು ಮನೆಯಲ್ಲಿ ಕಾವಲು ಮಲಗುವ ಅಣ್ಣತಮ್ಮಂದಿರು, ತಾಯಂದಿರು ಇದನ್ನು ಮರೆಯಬಾರದು.

ನೆನಪಿಡಬೇಕಾದ ಅಂಶಗಳು

1. ಮೊದಲು ಮನೆ ಸರಿಪಡಿಸಿ. ಮನೆಯ ಉದ್ದ ಪೂರ್ವ-ಪಶ್ಚಿಮವಾಗಿರಲಿ. ತಗಡು ಅಥವಾ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಇಲ್ಲವೇ ಸುಣ್ಣ ಬಳಿಯಿರಿ. ಸುತ್ತ ನೆರಳಿರಲಿ. ಬಿಸಿಗಾಳಿ ಹೊರಹೋಗಲು ಮೇಲ್ಗಡೆ ಕಿಂಡಿ ಇರಲಿ. ಸೂರು ಕೆಟ್ಟ ಮನೆಯಲ್ಲಿ ಯಂತ್ರ ಹಗಲಿರುಳು ದುಡಿದರೂ ಫಲವಿಲ್ಲ.

2. ಸೆನ್ಸರ್ ಮನೆಯ ನಡುವೆ, ತಟ್ಟೆಯ ಎತ್ತರದಲ್ಲಿರಲಿ. ಹೀಟರ್, ಬಾಗಿಲು, ಬಿಸಿಲು ಬೀಳುವ ಗೋಡೆ ಇವುಗಳಿಂದ ದೂರವಿರಲಿ.

3. ಹೀಟರ್ ಹೊತ್ತುವ ಮತ್ತು ಆರುವ ಅಂಕಿಗಳ ನಡುವೆ ಒಂದು ಡಿಗ್ರಿ ಅಂತರ ಇಡಿ. 25ಕ್ಕೆ ಹೊತ್ತಿ 26ಕ್ಕೆ ಆರಲಿ. ಅಂತರ ತೀರ ಕಡಿಮೆಯಾದರೆ ಯಂತ್ರ ಪದೇ ಪದೇ ಹೊತ್ತಿ ಆರಿ ಬೇಗ ಕೆಡುತ್ತದೆ; ಹೆಚ್ಚಾದರೆ ಹುಳುವಿಗೆ ಏರುಪೇರು.

4. 2000 ವಾಟಿನ ಹೀಟರ್ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಚಿಕ್ಕ ಪೆಟ್ಟಿಗೆ ಇದನ್ನು ತಡೆಯದಿದ್ದರೆ ನಡುವೆ ಕಾಂಟ್ಯಾಕ್ಟರ್ ಹಾಕಿಸಿ. ಅರ್ಥಿಂಗ್ ತಪ್ಪದೆ ಇರಲಿ. ಈ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನಿಂದಲೇ ಆಗಲಿ.

5. ಲೆಕ್ಕ ನೋಡಿ. ಇದೇ ಹೀಟರ್ ರಾತ್ರಿ 10 ಗಂಟೆ ಬಿಡದೆ ಉರಿದರೆ 20 ಯೂನಿಟ್. ಥರ್ಮೋಸ್ಟಾಟ್ ಅದನ್ನು ಅರ್ಧ ಹೊತ್ತು ಆರಿಸಿದರೂ 10 ಯೂನಿಟ್ ಉಳಿತಾಯ.

6. ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸುವ ಮುನ್ನ ಪೆಟ್ಟಿಗೆಯನ್ನು ಕಳಚಿಡಿ ಅಥವಾ ಚೆನ್ನಾಗಿ ಮುಚ್ಚಿ. ಲೋಹದ ಭಾಗಗಳಿಗೆ ಅದು ತುಕ್ಕು ಹಿಡಿಸುತ್ತದೆ.

7. ಪೆಟ್ಟಿಗೆ ತೋರಿಸುವ ಅಂಕಿಯನ್ನು ಕುರುಡಾಗಿ ನಂಬಬೇಡಿ. ವಾರಕ್ಕೊಮ್ಮೆ ಗಾಜಿನ ಉಷ್ಣಮಾಪಕದೊಂದಿಗೆ ಹೋಲಿಸಿ. ನಾಲ್ಕು ಮೂಲೆಯ ಶಾಖವನ್ನು ಬೆಳಗಿನ ಜಾವ ಮತ್ತು ಮಧ್ಯಾಹ್ನ ಒಂದು ಪುಸ್ತಕದಲ್ಲಿ ಬರೆದಿಡಿ.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ನಮಗೆ ಒಳ್ಳೊಳ್ಳೆಯ ದ್ವಿತಳಿಗಳನ್ನು ಕೊಟ್ಟಿದೆ. ಆ ತಳಿಯ ಗುಣವೆಲ್ಲ ಗೂಡಿನಲ್ಲಿ ಕಾಣಬೇಕಾದರೆ ಮನೆಯ ಶಾಖ ಹಿಡಿತದಲ್ಲಿರಬೇಕು. ಹೆಚ್ಚಿನ ವಿವರಗಳಿಗೆ ನಿಮ್ಮ ಸಮೀಪದ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರವನ್ನು ಕಂಡು ವಿಚಾರಿಸಿರಿ. ಅದಕ್ಕೂ ಮೊದಲು ಈ ರಾತ್ರಿಯೇ ಉಷ್ಣಮಾಪಕವೊಂದನ್ನು ಹಿಡಿದು ನಿಮ್ಮ ಹುಳು ಮನೆಯ ನಾಲ್ಕು ಮೂಲೆಯನ್ನೂ ಒಮ್ಮೆ ಸುತ್ತಿ ಬನ್ನಿ. ಎಲ್ಲಿ ಚಳಿ, ಎಲ್ಲಿ ಸೆಕೆ ಎಂಬುದು ಆಗಲೇ ತಿಳಿದುಹೋಗುತ್ತದೆ.