ಕಾರಿನ ರೂಫ್ ಬಟ್ಟೆ ಜೋತು ಬಿದ್ದಾಗ

ನಾವು ನಾಲ್ವರು ರೂಮ್‌ಮೇಟ್‌ಗಳು ಸೇರಿ ಓಡಿಸುವ ಹಳೆಯ ಕಾರೊಂದಿದೆ. 2006ರ ಮಾಡೆಲ್. ಖಾಯಂ ಆಗಿ ಊರಿಗೆ ಹೊರಟವರೊಬ್ಬರಿಂದ ಅಗ್ಗಕ್ಕೆ ಸಿಕ್ಕಿದ್ದು. ಎಂಜಿನ್ ಗಟ್ಟಿ, ಎಸಿ ಅದಕ್ಕಿಂತ ಗಟ್ಟಿ. ಒಳಗಿನ ರೂಫ್ ಬಟ್ಟೆ ಮಾತ್ರ ಮದುವೆ ಚಪ್ಪರದ ಹಾಗೆ ಜೋತಾಡುತ್ತಿತ್ತು. ಹಿಂದೆ ಕೂತವರ ತಲೆಗೆ ತಾಗುತ್ತದೆಂದು ಗುಂಡುಪಿನ್ನು ಚುಚ್ಚಿ ಎರಡು ವರ್ಷ ದೂಡಿದೆವು. ಕಳೆದ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ, ಶಾರ್ಜಾದಿಂದ ದುಬೈಗೆ ಹೋಗುವ ಇತ್ತಿಹಾದ್ ರಸ್ತೆಯಲ್ಲಿ, ಬಟ್ಟೆ ಪೂರ್ತಿ ಕಳಚಿ ಹಿಂದಿನದ್ದು ನೋಡುವ ಕನ್ನಡಿಯನ್ನೇ ಮುಚ್ಚಿಬಿಟ್ಟಿತು. ಪಕ್ಕದ ಸೀಟಿನವರು ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದರು. ಹಾಗೆಯೇ ಡ್ಯೂಟಿಗೆ ಮುಟ್ಟಿದೆವು.

ಆ ವಾರವೇ ಮೊದಲ ರಿಪೇರಿ ಮಾಡಿದೆವು, ದೊಡ್ಡ ತಪ್ಪನ್ನೂ ಮಾಡಿದೆವು. ಹಾರ್ಡ್‌ವೇರ್ ಅಂಗಡಿಯಿಂದ ಸಾಮಾನ್ಯ ಸ್ಪ್ರೇ ಅಂಟು ತಂದು, ಧೂಳು ಬರಬಾರದೆಂದು ಬಾಗಿಲು ಹಾಕಿಕೊಂಡು ಒಳಗೆ ಕೂತು ಹೊಡೆದೆವು. ಹತ್ತು ನಿಮಿಷದಲ್ಲಿ ತಲೆ ತಿರುಗಿತು. ನಮ್ಮಲ್ಲಿ ಒಬ್ಬರಿಗೆ ಅಸ್ತಮಾ. ಅವರಿಗೆ ಉಬ್ಬಸ ಶುರುವಾಗಿ ಇನ್‌ಹೇಲರ್ ತೆಗೆಯಬೇಕಾಯಿತು. ಮುಖಕ್ಕೆ ಆಸ್ಪತ್ರೆಯ ಮಾಸ್ಕ್ ಕಟ್ಟಿದ್ದೆವು, ಆದರೆ ಆ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಫಾರ್ಮಸಿ ಕೌಂಟರಿನಲ್ಲಿ ದಿನವಿಡೀ ಬೇರೆಯವರಿಗೆ ಲೇಬಲ್ ಓದಿ ಹೇಳುವ ನಾವು, ಅಂಟಿನ ಡಬ್ಬಿಯ ಲೇಬಲ್ ಓದಿರಲಿಲ್ಲ. ಮೂರನೇ ದಿನ ಬಟ್ಟೆ ಮತ್ತೆ ಕೆಳಗೆ.

ಕಾರಣ ತಿಳಿಸಿದ್ದು ಸನಾಯದಲ್ಲಿ ಸೀಟು ಹೊಲಿಯುವ ಒಬ್ಬ ಪಠಾಣ್ ಉಸ್ತಾದ್. ಬಟ್ಟೆಯ ಹಿಂಬದಿಯನ್ನು ಬೆರಳಿನಿಂದ ಉಜ್ಜಿ ತೋರಿಸಿದರು. ಅರಿಶಿನದ ಬಣ್ಣದ ಪುಡಿ ಉದುರಿತು. ರೂಫ್ ಬಟ್ಟೆ ನೇರವಾಗಿ ಬೋರ್ಡಿಗೆ ಅಂಟಿರುವುದಿಲ್ಲ. ನಡುವೆ ತೆಳ್ಳಗಿನ ಪಾಲಿಯುರೆಥೇನ್ ಫೋಮ್ ಇರುತ್ತದೆ. ಬಿಸಿಲು ಮತ್ತು ತೇವಾಂಶ ಸೇರಿ ವರ್ಷಗಟ್ಟಲೆ ತಿಂದರೆ ಆ ಫೋಮ್ ಪುಡಿಯಾಗುತ್ತದೆ. ಇಲ್ಲಿ ಎರಡಕ್ಕೂ ಬರವಿಲ್ಲ: ಬಿಸಿಲಲ್ಲಿ ನಿಂತ ಕಾರಿನ ಒಳಗೆ 60 ಡಿಗ್ರಿ ದಾಟುವುದು ಅಪರೂಪವಲ್ಲ. (ಇನ್ಸುಲಿನ್ ಡ್ಯಾಶ್‌ಬೋರ್ಡ್ ಮೇಲಿಟ್ಟು ಅಂಗಡಿಗೆ ಹೋಗುವವರು ಇದನ್ನು ಇನ್ನೊಮ್ಮೆ ಓದಿ.) ಪುಡಿಯ ಮೇಲೆ ಎಷ್ಟು ಅಂಟು ಹಾಕಿದರೂ ಅದು ಪುಡಿಗೆ ಅಂಟುತ್ತದೆ, ಬೋರ್ಡಿಗಲ್ಲ.

ಉಸ್ತಾದ್ 350 ದಿರ್ಹಂ ಕೇಳಿದರು. ಈಗ ಯೋಚಿಸಿದರೆ ಅದು ನ್ಯಾಯವಾದ ಬೆಲೆಯೇ. ಆದರೆ ತಿಂಗಳ ಕೊನೆ, ನಮಗೆ ಹಟ ಬೇರೆ. ಅವರಿಂದಲೇ ಫೋಮ್ ಇರುವ ಹೊಸ ಬಟ್ಟೆ ಎರಡು ಮೀಟರ್, ಕಾರಿನ ರೂಫಿಗೆಂದೇ ಬರುವ, ಬಿಸಿ ತಡೆಯುವ ಅಂಟು ಕೊಂಡೆವು.

ರಜೆಯ ದಿನ ಮೊದಲು ಬ್ಯಾಟರಿ ವೈರ್ ಬಿಚ್ಚಿ, ಆಮೇಲೆ ಲೈಟು, ಬಿಸಿಲು ತಡೆಯುವ ಪಟ್ಟಿ, ಹಿಡಿಕೆ, ಬಾಗಿಲಿನ ರಬ್ಬರ್, ಕಂಬಗಳ ಪ್ಲಾಸ್ಟಿಕ್ ತೆಗೆದೆವು. ಎದುರಿನ ಸೀಟು ಪೂರ್ತಿ ಮಲಗಿಸಿ, ಬೋರ್ಡನ್ನು ಬಗ್ಗಿಸದೆ ಹೊರಗೆ ತರಲು ಇಬ್ಬರು ಬೇಕೇ ಬೇಕು. ನಮ್ಮ ಕಾರಿನಲ್ಲಿ ರೂಫಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರಲಿಲ್ಲ. ನಿಮ್ಮದರಲ್ಲಿದ್ದರೆ ದಯವಿಟ್ಟು ಕೈ ಹಾಕಬೇಡಿ, ಗ್ಯಾರೇಜಿಗೇ ಕೊಡಿ. ಬಟ್ಟೆ ತಪ್ಪಾಗಿ ಕೂತರೂ ಗುಂಡುಪಿನ್ನು ಚುಚ್ಚಿದರೂ ಅದು ಬೇಕಾದಾಗ ಸರಿಯಾಗಿ ಬಿಚ್ಚಿಕೊಳ್ಳದಿರಬಹುದು.

ಹೆಚ್ಚು ಹೊತ್ತು ಹಿಡಿದದ್ದು ಹಳೆಯ ಫೋಮ್ ಕೆರೆಯುವುದು. ನೈಲಾನ್ ಬ್ರಷ್ ಹಿಡಿದು ಇಬ್ಬರು ಮೂರು ಗಂಟೆ ಉಜ್ಜಿದೆವು. ಗಡ್ಡ, ರೆಪ್ಪೆ ಎಲ್ಲ ಹಳದಿ. ಒಂದು ಚೂರು ಉಳಿದರೂ ಮುಂದೆ ಅಲ್ಲಿಂದಲೇ ಏಳುತ್ತದಂತೆ. ಲೈಟಿನ ತೂತಿನ ಬದಿ ಮತ್ತು ಹಿಂದಿನ ಮೂಲೆಯಲ್ಲಿ ಬೋರ್ಡು ಸೀಳಿತ್ತು. ಮೇಲ್ಬದಿಯಿಂದ, ಅಂದರೆ ತಗಡಿನ ಕಡೆಯಿಂದ, ಫೈಬರ್‌ಗ್ಲಾಸ್ ಬಟ್ಟೆಯ ತೆಳು ಪಟ್ಟಿ ಇಟ್ಟು ರೆಸಿನ್ ಸವರಿದೆವು. ಕೈಗೆ ಗ್ಲೌಸ್ ಇರಲಿ. ಒಣಗುವವರೆಗೆ ಬೋರ್ಡು ತನ್ನ ಸಹಜ ಆಕಾರದಲ್ಲೇ ಇರಬೇಕು, ಇಲ್ಲದಿದ್ದರೆ ಸೊಟ್ಟವಾಗಿಯೇ ಗಟ್ಟಿಯಾಗುತ್ತದೆ. ಪಟ್ಟಿ ದಪ್ಪವಾದರೆ ಬೋರ್ಡು ಮರಳಿ ಕೂರುವುದಿಲ್ಲ.

ಮಾರನೇ ದಿನ ಕಟ್ಟಡದ ಹಿಂದಿನ ಬಯಲಲ್ಲಿ ಅಂಟು ಹೊಡೆದೆವು. ಅಸ್ತಮಾದವರನ್ನು ಅಡುಗೆಗೆ ಕಳಿಸಿದೆವು. ಬೋರ್ಡಿಗೂ ಬಟ್ಟೆಗೂ ಎರಡಕ್ಕೂ ಹೊಡೆದು, ಬೆರಳಿಟ್ಟರೆ ಜಿಗುಟಬೇಕು ಆದರೆ ಬೆರಳಿಗೆ ಬರಬಾರದು, ಅಷ್ಟು ಹೊತ್ತು ಕಾದು ಒತ್ತಬೇಕು. ಒಮ್ಮೆಗೇ ಹಾಸದೆ, ಅರ್ಧ ಬಟ್ಟೆ ಮಡಚಿಟ್ಟು ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರುತ್ತಾ ಹೋದೆವು. ತಗ್ಗುಗಳಿಗೆ ಮೊದಲು ಬೆರಳಿಂದ ಒತ್ತಬೇಕು. ಬಟ್ಟೆ ಎಳೆದು ದಾಟಿಸಿದರೆ ಅಲ್ಲೇ ಏಳುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಲೈಟಿನ ಜಾಗ ಕತ್ತರಿಸಿದೆವು.

ಒಟ್ಟು ಖರ್ಚು 140 ದಿರ್ಹಂ, ಜೊತೆಗೆ ಎರಡು ರಜಾದಿನ. ಒಂದು ಬೇಸಿಗೆ ಕಳೆದಿದೆ, ಬಟ್ಟೆ ಕದಲಿಲ್ಲ. ಹಿಂದಿನ ಗಾಜಿನ ಹತ್ತಿರ ಎಡಗಡೆ ಅಂಗೈ ಉದ್ದದ ಒಂದು ಸುಕ್ಕು ಮಾತ್ರ ಉಳಿದಿದೆ. ಅದು ಯಾರ ಕೈಕೆಲಸ ಎಂಬ ಚರ್ಚೆ ರೂಮಿನಲ್ಲಿ ಇನ್ನೂ ನಡೆಯುತ್ತಿದೆ.